ನಲವತ್ತೆಂಟು ಕೆ.ಜಿ. ಚಾಂಪಿಯನ್ನಿನ ಮ್ಯಾನೇಜರು

"ಈ ಸಲದ ಚಿನ್ನಾನೂ ನಮ್ಮನೆಗೇ! ಬೇಕಾದ್ರೆ ಬರೆದಿಟ್ಕೊಳ್ಳಿ!" ಎಂದು ಅಜ್ಜಂಪುರದ ಈರುಳ್ಳಿ ಮಂಡಿಯ ತಿಪ್ಪೇಶ ಚೀಲದ ಮೇಲೆ ಕೈ ಕುಟ್ಟಿ ಘೋಷಿಸಿದ. ಬರೆದಿಟ್ಟುಕೊಳ್ಳಲು ಅಲ್ಲಿದ್ದವರು ಎದುರಿನ ಪಂಕ್ಚರ್ ಅಂಗಡಿಯ ದಾವೂದ್ ಸಾಬ್ರು ಒಬ್ಬರೇ. ಅವರು ಬರೆದುಕೊಳ್ಳಲಿಲ್ಲ.

ಜಂಬಕ್ಕೆ ಕಾರಣವಿತ್ತು, ಇಲ್ಲವೆನ್ನಲಾರೆ. ತಿಪ್ಪೇಶನ ಹೆಂಡತಿ ಪ್ರತಿಮಾ ಹೈಸ್ಕೂಲಿನ ಪಿ.ಟಿ. ಮೇಡಂ, ನಲವತ್ತೆಂಟು ಕೆ.ಜಿ. ವಿಭಾಗದ ಜಿಲ್ಲಾ ಬಾಕ್ಸಿಂಗ್ ಚಾಂಪಿಯನ್. ಏಳನೇ ಕ್ಲಾಸಿನ ಹುಡುಗಿಯರ ಸಾಲಿನಲ್ಲಿ ನಿಂತರೆ ಹುಡುಕಬೇಕು, ಅಷ್ಟು ಪುಟ್ಟ ಆಳು! ಸತತ ಮೂರು ವರ್ಷ ಚಿನ್ನ. ಆದರೆ ಗುಟ್ಟೊಂದನ್ನು ಹೇಳಿಬಿಡುತ್ತೇನೆ: ಆ ಮೂರು ವರ್ಷದಲ್ಲಿ ಆಕೆ ಯಾರಿಗೂ ಒಂದೇಟು ಹಾಕಿರಲಿಲ್ಲ! ಆ ತೂಕಕ್ಕೆ ಬೇರೆ ಯಾರೂ ಹೆಸರು ಕೊಡುತ್ತಲೇ ಇರಲಿಲ್ಲ. ಪ್ರತಿಮಾ ರಿಂಗ್ ಹತ್ತುವುದು, ಎದುರು ಮೂಲೆ ಖಾಲಿ, ರೆಫರಿ ಈಕೆಯ ಕೈ ಎತ್ತುವುದು, ಒಂದು ಫೋಟೋ. ಮುಗಿಯಿತು! ಆಕೆಗೆ ಮೂವತ್ತೆರಡಾಗಿತ್ತು. ಒಂದಾದರೂ ನಿಜವಾದ ಪಂದ್ಯ ಆಡದೆ ಗ್ಲೌಸ್ ಎತ್ತಿಡಬೇಕಾಗುತ್ತದೋ ಏನೋ ಎಂದು ಆಕೆ ಒಳಗೊಳಗೇ ಕುದಿಯುತ್ತಿದ್ದಳು.

"ಐವತ್ತೊಂದು ಕೇಜಿಗೆ ಹತ್ತಿಸಪ್ಪಾ ತಿಪ್ಪೇಶಾ," ಎಂದರು ದಾವೂದ್ ಸಾಬ್ರು. "ತರೀಕೆರೆ ಗುಲ್ಷನ್ ಜೊತೆ ಬಿಡು. ನಮ್ ತಂಗಿ ಮೊಮ್ಮಗಳೇ ಅವ್ಳು. ಎಂಥಾ ಜೋಡಿ ಆಗ್ತೈತೆ ನೋಡು!"

"ಏನ್ ಸಾಬ್ರೇ ನೀವು! ಅವ್ಳು ಕೈ ಚಾಚಿ ನಿಂತ್ರೆ ನಮ್ಮೋಳು ಹತ್ರ ಹೋಗೋಕೆ ಆಟೋ ಹಿಡೀಬೇಕು!"

"ಹೊಡೆತಾನೇ ತಿನ್ನದೆ ಎಂಥಾ ಚಾಂಪಿಯನ್ನಪ್ಪಾ?"

"ತಿನ್ನದೆ ಇರೋದಕ್ಕೇ ಚಾಂಪಿಯನ್ ಅನ್ನೋದು!"

ಈ ವಾಗ್ಯುದ್ಧ ಮೂರು ವರ್ಷದಿಂದ ನಡೆದಿತ್ತು. ಅಷ್ಟು ದಿನದಲ್ಲಿ ಇಬ್ಬರಲ್ಲಿ ಒಬ್ಬರಾದರೂ ಪ್ರತಿಮಾಳನ್ನು ಒಂದು ಮಾತು ಕೇಳಬೇಕಿತ್ತೋ ಬೇಡವೋ, ನೀವೇ ಹೇಳಿ! ಕೇಳಿರಲಿಲ್ಲ. ಆ ಸಂಜೆ ತಿಪ್ಪೇಶ ಮನೆಗೆ ಬಂದವನೇ ಚಪ್ಪಲಿ ಬಿಡುವ ಮೊದಲೇ ಅಪ್ಪಣೆ ಹೊರಡಿಸಿದ.

"ಪ್ರತಿಮಾ, ಇವತ್ತಿಂದ ನಾನೇ ನಿನ್ ಮ್ಯಾನೇಜರು! ಊಟ, ತೂಕ, ಎಲ್ಲಾ ನನ್ನ ಉಸ್ತುವಾರಿ. ಮಾತೂ ನಾನೇ ಆಡ್ತೀನಿ."

"ಇಷ್ಟು ದಿನ ಇನ್ಯಾರು ಆಡ್ತಿದ್ರು?" ಎಂದಳು ಪ್ರತಿಮಾ.

ಮರುದಿನ ಬೆಳಿಗ್ಗೆ ಆಕೆಯನ್ನು ಮಂಡಿಗೆ ಕರೆದೊಯ್ದು ಈರುಳ್ಳಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನಿಲ್ಲಿಸಿದ. ನಲವತ್ತೇಳು ಕೆ.ಜಿ. ಇನ್ನೂರು ಗ್ರಾಂ!

"ಎಂಟುನೂರು ಗ್ರಾಂ ವೇಸ್ಟು!" ತಿಪ್ಪೇಶ ಎದೆ ಬಡಿದುಕೊಂಡ. "ನಲವತ್ತೆಂಟು ಅಂದ್ಮೇಲೆ ಭರ್ತಿ ನಲವತ್ತೆಂಟು ಇರ್ಬೇಕು ಕಣೇ! ಕೊಟ್ಟಿರೋ ಜಾಗ ಖಾಲಿ ಬಿಡ್ತಾರಾ ಯಾರಾದ್ರೂ?"

ಮ್ಯಾನೇಜರು ಸೌಟು ಹಿಡಿದರು. ಮೊದಲ ದಿನದ ಮುದ್ದೆಯನ್ನು ಶಾಲೆಯ ಗುಂಡೆಸೆತಕ್ಕೆ ಕೊಡಬಹುದಿತ್ತು. ಎರಡನೇ ದಿನ ಆಮ್ಲೆಟ್ ಬಾಣಲೆಯನ್ನು ಬಿಟ್ಟು ಬರಲು ಒಪ್ಪದೆ ಬಾಣಲೆಯೇ ಹಾಳಾಯಿತು. ಮೂರನೇ ದಿನದಿಂದ ಕೈ ಕುದುರಿತು. ಕಡಲೆಬೀಜದುಂಡೆ, ತುಪ್ಪ ಸುರಿದ ಹೋಳಿಗೆ, ದಿನಕ್ಕೆ ಆರು ಮೊಟ್ಟೆ! ಓಡಿದರೆ ಗ್ರಾಂ ಕರಗುತ್ತದೆಂದು ಬೆಳಗಿನ ಓಟಕ್ಕೂ ಅರ್ಧ ರಜೆ. ಒಂಬತ್ತು ವರ್ಷದಿಂದ ಅವನ ಕಾಫಿಗೆ ತಪ್ಪದೆ ಕೊಂಕು ತೆಗೆದವಳು ತುಟಿ ಪಿಟಕ್ಕೆನ್ನದೆ ಎಲ್ಲವನ್ನೂ ತಿಂದಳು. ಅಷ್ಟಕ್ಕಾದರೂ ಅವನಿಗೆ ಅನುಮಾನ ಬರಬೇಕಿತ್ತು! ಹದಿನೈದನೇ ದಿನ ತಕ್ಕಡಿ ಸರಿಯಾಗಿ ನಲವತ್ತೆಂಟು ತೋರಿಸಿತು. ತಿಪ್ಪೇಶ ತಕ್ಕಡಿಗೆ ಕುಂಕುಮವಿಟ್ಟು ಕಾಯಿ ಒಡೆದ.

ಆ ಸಲದ ಬಾಕ್ಸಿಂಗ್ ಕೂಟ ನಡೆದದ್ದು ಕಡೂರಿನ ಒಂದು ಮದುವೆ ಛತ್ರದಲ್ಲಿ. ಗಂಡು ಹೆಣ್ಣು ಕೂರುವ ವೇದಿಕೆಯ ಮೇಲೆ ತೀರ್ಪುಗಾರರು ಕೂತಿದ್ದರು. ಪ್ರತಿಮಾ ಅವರ ತೂಕದ ಯಂತ್ರ ಹತ್ತಿದಳು.

"ನಲವತ್ತೊಂಬತ್ತು," ಎಂದರು ಅಧಿಕಾರಿ.

"ಏನ್ರೀ ಇದು ಮೋಸ!" ತಿಪ್ಪೇಶ ಗುಡುಗಿದ. "ನಿಮ್ ಯಂತ್ರ ಕೆಟ್ಟೈತೆ! ಸಾವಿರಾರು ಚೀಲ ತೂಗಿರೋ ತಕ್ಕಡಿ ಕಣ್ರೀ ನಮ್ದು! ಬೆಳಿಗ್ಗೆ ತಾನೇ ನೋಡ್ಕೊಂಡ್ ಬಂದಿದೀನಿ!"

"ತಿಪ್ಪೇಶಾ," ಹಿಂದಿನಿಂದ ದಾವೂದ್ ಸಾಬ್ರು ಮೆಲ್ಲಗೆ ಕೇಳಿದರು, "ನಿನ್ ತಕ್ಕಡೀಲಿ ಗೋಣಿಚೀಲದ್ದು ಅಂತ ಒಂದು ಕೇಜಿ ಕಳೆಯೋ ಹಂಗೆ ಮಾಡಿಟ್ಟಿದ್ಯಲ್ಲಪ್ಪಾ, ಅದನ್ನ ತೆಗೆದಿದ್ಯಾ?"

ತೆಗೆದಿರಲಿಲ್ಲ! ಮಹಾನುಭಾವ ಹದಿನೈದು ದಿನವೂ ಕಟ್ಟಿಕೊಂಡ ಹೆಂಡತಿಯನ್ನು ಚೀಲ ಕಳೆದು ತೂಗಿದ್ದ! ಛತ್ರವೆಲ್ಲ ಬಿದ್ದು ಬಿದ್ದು ನಕ್ಕಿತು. ತಿಪ್ಪೇಶನಿಗೆ ನೆಲ ಬಿರಿಯಬಾರದೇ ಎನ್ನಿಸಿತು.

"ನಲವತ್ತೆಂಟರಲ್ಲಿ ಆಗಲ್ಲಮ್ಮ," ಎಂದರು ಅಧಿಕಾರಿ. "ಐವತ್ತೊಂದರಲ್ಲಿ ಒಂದೇ ಹೆಸರಿದೆ, ತರೀಕೆರೆ ಗುಲ್ಷನ್. ಒಪ್ಪೋದಾದ್ರೆ ಸೇರಿಸ್ತೀವಿ."

"ಬೇಡ ಕಣೇ! ಮನೆಗೆ ಹೋಗೋಣ," ತಿಪ್ಪೇಶ ಅಂಗಲಾಚಿದ. "ತಪ್ಪು ನಂದು. ನಿನ್ ಮೂಗು ಯಾಕೆ ಬಲಿ ಕೊಡ್ತೀಯ?"

ಪ್ರತಿಮಾ ಎರಡೂ ಕೈ ಮುಂದೆ ಚಾಚಿದಳು. "ಗ್ಲೌಸ್ ಕಟ್ರೀ."

ಮೊದಲ ಸುತ್ತಿನಲ್ಲಿ ಗುಲ್ಷನ್‌ಳ ಉದ್ದ ಕೈ ಎಲ್ಲೆಂದರಲ್ಲಿ ಬಿತ್ತು. ತಿಪ್ಪೇಶ ಕಂಬದ ಹಿಂದೆ ಅವಿತು ಊರದೇವರುಗಳನ್ನೆಲ್ಲ ಹೆಸರು ಹಿಡಿದು ಕರೆದ. ಎರಡನೇ ಸುತ್ತಿನಲ್ಲಿ ಪ್ರತಿಮಾ ಆ ಕೈಯ ಕೆಳಗೇ ನುಸುಳಿದಳು. ಎರಡು ಪಕ್ಕೆಗೆ, ಒಂದು ಗದ್ದಕ್ಕೆ, ಮತ್ತೆ ಆಚೆ! ಮೂರು ವರ್ಷ ಖಾಲಿ ಮೂಲೆ ನೋಡಿದ ಸಿಟ್ಟೆಲ್ಲ ಆ ಪುಟ್ಟ ಮುಷ್ಟಿಗಳಲ್ಲಿತ್ತು. ಮೂರನೇ ಸುತ್ತಿಗೆ ಛತ್ರವೇ ಎದ್ದು ನಿಂತಿತು. "ಹಾಕು ಮಗಳೇ, ಇನ್ನೊಂದ್ ಹಾಕು!" ಎಂದು ಕೂಗುತ್ತಿದ್ದ ದಾವೂದ್ ಸಾಬ್ರು ತಾವು ಯಾರ ಕಡೆಯವರೆಂಬುದನ್ನೇ ಮರೆತಿದ್ದರು.

ಐವರು ತೀರ್ಪುಗಾರರಲ್ಲಿ ಮೂವರು ಪ್ರತಿಮಾಳ ಕಡೆ! ರೆಫರಿ ಕೈ ಎತ್ತಿದಾಗ ಆಕೆ ಕಣ್ಣೀರು ಒರೆಸಿಕೊಳ್ಳಲೂ ಇಲ್ಲ. ಗುಲ್ಷನ್ ಓಡಿ ಬಂದು ತಬ್ಬಿಕೊಂಡಳು. "ಅಕ್ಕಾ, ನಂಗೂ ಎರಡು ವರ್ಷದಿಂದ ಪುಕ್ಕಟೆ ಚಿನ್ನಾನೇ ಸಿಕ್ತಿತ್ತು. ಬರೋ ವರ್ಷಾನೂ ಬನ್ನಿ, ಬಿಡಲ್ಲ ನಿಮ್ಮನ್ನ!"

ವಾಪಸು ರೈಲಿನಲ್ಲಿ ತಿಪ್ಪೇಶ ಪದಕವನ್ನು ತೊಡೆಯ ಮೇಲಿಟ್ಟುಕೊಂಡು ಅಂಗಿಯ ತುದಿಯಿಂದ ಒರೆಸಿದ. "ಕ್ಷಮಿಸ್ಬಿಡೇ. ಆ ಒಂದು ಕೇಜಿ ನಂಗೆ ಹೊಳೀಲೇ ಇಲ್ಲ."

"ನಂಗೆ ಎರಡನೇ ದಿನಾನೇ ಗೊತ್ತಾಯ್ತು ಬಿಡಿ. ಶಾಲೇಲಿ ಮಕ್ಕಳನ್ನ ತೂಗೋ ಯಂತ್ರ ಇಲ್ವಾ?"

ತಿಪ್ಪೇಶ ಸೀಟಿನಿಂದ ಅರ್ಧ ಎದ್ದೇಬಿಟ್ಟ. "ಗೊತ್ತಿದ್ದೂ ತಿಂದ್ಯಾ? ಒಂದ್ ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಮತ್ತೆ ಖಾಲಿ ಮೂಲೆ ಎದುರು ನಿಲ್ಲಿಸ್ತಿದ್ರಿ," ಎಂದು ನಕ್ಕಳು ಪ್ರತಿಮಾ.

"ಹಂಗಾದ್ರೆ ನನ್ ಮ್ಯಾನೇಜರ್‌ಗಿರಿ ಇವತ್ತಿಗೆ ಮುಗೀತು ಅನ್ನು."

"ಅಯ್ಯೋ, ಯಾರಂದ್ರು?" ಆಕೆ ಅವನ ಭುಜಕ್ಕೊರಗಿ ಕಣ್ಣು ಮುಚ್ಚಿದಳು. "ನಾಳೆ ಬೆಳಿಗ್ಗೆಗೆ ಹೋಳಿಗೆ ಮಾಡಿ, ತುಪ್ಪ ಜಾಸ್ತಿ ಇರ್ಲಿ. ಐವತ್ನಾಲ್ಕರಲ್ಲಿ ಒಬ್ಳು ಇದ್ದಾಳಂತೆ."