ಸೂಜಿ ಹಿಡಿದ ಕೈಗೆ ಬ್ಲಾಗಿನ ಭಯ

ಬ್ಲಾಗು ಬರೆಯುವವರಿಗೆ ಒಂದಲ್ಲ ಒಂದು ಫಜೀತಿ ಗಂಟು ಬೀಳುತ್ತಲೇ ಇರುತ್ತದೆ. ಬರೆದರೂ ಫಜೀತಿ, ಬರೆದದ್ದನ್ನು ಅಳಿಸಿದರೆ ಇನ್ನೂ ದೊಡ್ಡ ಫಜೀತಿ. ನಾನು ನರ್ಸು. ನಮ್ಮ ಮನೆಯವರದು ಸರ್ವೆ ಇಲಾಖೆ. ಅವರ ವರ್ಗಾವಣೆಯ ಹಿಂದೆ ಚನ್ನಗಿರಿ, ನ್ಯಾಮತಿ, ಹೊನ್ನಾಳಿ, ಜಗಳೂರು ಅಂತ ಊರೂರು ಸುತ್ತಿ, ಹೋದಲ್ಲೆಲ್ಲ ಯಾವುದಾದರೊಂದು ಸಣ್ಣ ಕ್ಲಿನಿಕ್ಕಿನ ಇಂಜೆಕ್ಷನ್ ರೂಮು ಸೇರಿಕೊಂಡವಳು. ಎಂಥ ಪೈಲ್ವಾನನ ಸೊಂಟಕ್ಕಾದರೂ ಕಣ್ಣು ಮಿಟುಕಿಸದೆ ಸೂಜಿ ಚುಚ್ಚುವ ಈ ಕೈ, ಬ್ಲಾಗಿನಲ್ಲಿ ‘ಪ್ರಕಟಿಸಿ’ ಅನ್ನುವ ಗುಂಡಿ ಒತ್ತುವಾಗ ಮಾತ್ರ ಗಡಗಡ ನಡುಗುತ್ತಿತ್ತು.

ಮೊದಲ ಓದುಗ

ಶುರುವಾದದ್ದು ಚನ್ನಗಿರಿಯಲ್ಲಿ. ನನ್ನ ಅಕ್ಕನನ್ನು ಜಗಳೂರು ಕಡೆಯ ಸೊಕ್ಕೆಗೆ ಕೊಟ್ಟಿತ್ತು. ಕ್ಲಿನಿಕ್ಕಿನಲ್ಲಿ ನಡೆದದ್ದನ್ನೆಲ್ಲ ಸಂಜೆ ಅವಳಿಗೆ ಫೋನಿನಲ್ಲಿ ಹೇಳದಿದ್ದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಒಂದು ದಿನ ಅವಳೇ ಅಂದಳು, “ಇದನ್ನೆಲ್ಲ ಎಲ್ಲಾದ್ರೂ ಬರೆದು ಹಾಕೇ. ನನಗೊಬ್ಬಳಿಗೇ ಹೇಳಿದ್ರೆ ನಾನೊಬ್ಬಳೇ ನಗಬೇಕಾಗ್ತೈತೆ.”

ಮಗಳು ಬ್ಲಾಗು ತೆರೆದುಕೊಟ್ಟಳು. ಬಾಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡೇ ಟೀ ಕುಡಿದು, ತನಗೆ ಭಾರಿ ಜ್ವರ ಬಂದಿದೆಯೆಂದು ಅಳಲು ಶುರುಮಾಡಿದ ಮೇಷ್ಟ್ರೊಬ್ಬರ ಕಥೆ ಬರೆದೆ. ವಾರವೆಲ್ಲ ತಿದ್ದಿದೆ. ಕೊನೆಗೆ ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿ, ಫೋನನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟು ಬಂದೆ, ಕಣ್ಣಿಗೆ ಬೀಳದಿರಲಿ ಅಂತ.

ಬೆಳಿಗ್ಗೆ ನೋಡಿದರೆ ಒಂದು ಕಮೆಂಟು! “ತುಂಬಾ ಉಪಯುಕ್ತ ಮಾಹಿತಿ. ಅಡಿಕೆ ಸುಲಿಯುವ ಯಂತ್ರ ಬೇಕಾದಲ್ಲಿ ಸಂಪರ್ಕಿಸಿ.” ನನಗೆ ಕಂಡದ್ದು ಮೊದಲ ಸಾಲು ಮಾತ್ರ. ಮನೆಯವರಿಗೆ ಓದಿ ಹೇಳಿದೆ. “ಅಯ್ಯೋ, ಅದು ಜಾಹೀರಾತು ಕಣೇ, ಕಂಡಕಂಡಲ್ಲೆಲ್ಲ ಹಾಕ್ತಾರೆ” ಎಂದರು. “ಯಾಕ್ರೀ, ಜಾಹೀರಾತಿನವರು ಕಥೆ ಓದಬಾರದಾ?” ಎಂದು ಉತ್ತರ ಬರೆದೇಬಿಟ್ಟೆ: “ಧನ್ಯವಾದಗಳು ಸರ್. ನಮಗೆ ತೋಟ ಇಲ್ಲ. ಹೀಗೇ ಓದುತ್ತಿರಿ.”

ಅವರು ಆಮೇಲೆ ಆ ಕಡೆ ಸುಳಿಯಲೇ ಇಲ್ಲ. ಒಂದೆರಡು ಗುಂಟೆ ತೋಟ ಇದ್ದಿದ್ದರೂ ಒಬ್ಬ ಓದುಗ ಉಳಿಯುತ್ತಿದ್ದನಲ್ಲ ಎಂದು ಬಹಳ ದಿನ ಹಳಹಳಿಸಿದೆ.

ಬಿದ್ದವರ ತಕರಾರು

ನ್ಯಾಮತಿಗೆ ಹೋಗುವಷ್ಟರಲ್ಲಿ ಕೈನಡುಕ ಸ್ವಲ್ಪ ಕಡಿಮೆಯಾಗಿತ್ತು. ಗೋವಿನಕೋವಿಯಿಂದ ಒಬ್ಬರು ಬಂದರು. ಮೊಳೆ ತುಳಿದಿದ್ದರು. ಆಜಾನುಬಾಹು, ಹುರಿ ಮೀಸೆ. “ನೀವೇನು ಹೆದರಬ್ಯಾಡ್ರಿ ಸಿಸ್ಟರ್, ನಾನು ಬರಿಗೈಲಿ ಹಾವು ಹಿಡಿಯೋನು” ಎಂದು ನನಗೇ ಧೈರ್ಯ ಹೇಳಿದರು. ನಾನಿನ್ನೂ ಸಿರಿಂಜು ಮುಟ್ಟಿರಲಿಲ್ಲ. ಸ್ಪಿರಿಟ್ ಹಚ್ಚಿದ ಹತ್ತಿ ತೋಳಿಗೆ ತಾಗಿದ್ದೇ ತಡ, ಮೀಸೆ ಸಮೇತ ನೆಲಕ್ಕೆ ಒರಗಿದರು.

ಹೆಸರು, ಊರು ಏನೂ ಹಾಕದೆ ಬರೆದೆ. ಎರಡು ದಿನ ಜನ ಚೆನ್ನಾಗಿ ನಕ್ಕರು. ಮೂರನೇ ದಿನ ಕ್ಲಿನಿಕ್ಕಿನ ರಿಸೆಪ್ಷನ್ ಹುಡುಗಿ, “ಮೇಡಂ, ಗೋವಿನಕೋವಿಯವರ ಫೋನಿಗೂ ಅದು ಹೋಗೈತಂತೆ. ಗಲಾಟೆ ಮಾಡಾಕೆ ಬಂದ್ರೆ ಏನ್ಮಾಡ್ತೀರಿ?” ಎಂದಳು. ನಾನು ಫೋನು ತೆಗೆದೆ. ಅಲ್ಲೇ ನಿಂತು ಕಥೆಯನ್ನು ಅಳಿಸಿ ಹಾಕಿದೆ.

ಮಾರನೇ ದಿನ ಅವರು ಬಂದೇಬಿಟ್ಟರು. ಹಿಂದೆ ಊರಿನ ನಾಲ್ಕು ಜನ. ನಾನು ಔಷಧಿ ಕಪಾಟಿನ ಮರೆಗೆ ಸರಿದೆ.

“ಸಿಸ್ಟರ್, ಅದು ಎಲ್ಲಿ ಹೋತ್ರಿ?”

“ಯಾವುದು?”

“ನನ್ನ ಬಗ್ಗೆ ಬರೆದಿದ್ರಲ್ಲ! ನನ್ನ ಕತೆ ಬಂದೈತೆ ಅಂತ ಇವರನ್ನ ಕರ್ಕೊಂಡು ಬಂದ್ರೆ, ಫೋನಾಗೆ ಏನೂ ಇಲ್ಲ. ಬರೀ ಸುಳ್ಳು ಹೇಳ್ತೀಯ ಅಂತ ದಾರಿ ಉದ್ದಕ್ಕೂ ಉಗಿಸ್ಕೊಂಡು ಬಂದೀನಿ.”

“ಅಳಿಸಿಬಿಟ್ಟೆ ಅಣ್ಣಾ. ನಿಮಗೆ ಬೇಜಾರಾಗುತ್ತೇನೋ ಅಂತ...”

ಅವರ ಮುಖ ಸಪ್ಪಗಾಯಿತು. ನನ್ನ ಹತ್ತಿರ ಬೇರೆ ಪ್ರತಿಯೂ ಇರಲಿಲ್ಲ. ಅಷ್ಟು ಚೆನ್ನಾಗಿ ಬಂದಿದ್ದ ಬರಹ ನನ್ನ ಹೇಡಿತನಕ್ಕೆ ಬಲಿಯಾಗಿ ಹೋಯಿತು. ಅವರು ತಲೆ ಕೆರೆದುಕೊಂಡರು. ಆಮೇಲೆ ಅಂಗಿಯ ತೋಳು ಮೇಲಕ್ಕೆ ಸರಿಸಿ, ಬಹಳ ವಿನಯದಿಂದ ಕೇಳಿದರು:

“ಹಂಗಾದ್ರೆ ಇನ್ನೊಂದ್ಸಲ ಬೀಳ್ಲೇನ್ರಿ?”

ಡ್ರಾಯರಿನ ಮೆಣಸಿನಕಾಯಿ

ಹೊನ್ನಾಳಿಯಲ್ಲಿ ನಾನಿದ್ದ ಕ್ಲಿನಿಕ್ಕಿನ ಡಾಕ್ಟರು ಬಿ.ಪಿ. ಇದ್ದವರಿಗೆಲ್ಲ ಎಣ್ಣೆಯಲ್ಲಿ ಕರಿದದ್ದು ವಿಷ ಎನ್ನುತ್ತಿದ್ದರು. ರೋಗಿ ಹೊರಗೆ ಹೋದ ಮೇಲೆ ಡ್ರಾಯರು ಎಳೆದು, ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ತೆಗೆಯುತ್ತಿದ್ದರು. ಅವರಿಗೂ ಬಿ.ಪಿ. ಇತ್ತು. ಡಾಕ್ಟರನ್ನು ಬೇರೆ ಊರಿಗೆ ಸೇರಿಸಿ, ಕನ್ನಡಕ ತೆಗೆದು, ಬೊಕ್ಕತಲೆ ಕೊಟ್ಟು ಒಂದು ಬರಹ ಹಾಕಿದೆ.

ಸ್ವಲ್ಪ ದಿನಕ್ಕೆ ಅದೇ ಬರಹ ಗ್ರೂಪುಗಳಲ್ಲಿ ಸುತ್ತಾಡಿ, ನನ್ನ ಹೆಸರು ಕಳೆದುಕೊಂಡು, ‘ಒಬ್ಬ ನಿವೃತ್ತ ಅಧಿಕಾರಿಯ ಅನುಭವ’ ಅಂತ ತಲೆಬರಹ ಹೊತ್ತು ಡಾಕ್ಟರ ಫೋನಿಗೇ ಬಂತು. ನನ್ನನ್ನು ಕರೆದು ಕೂರಿಸಿ, ಜೋರಾಗಿ ಓದಿದರು. ನಗು ಬಂದಲ್ಲೆಲ್ಲ ಮೇಜು ಕುಟ್ಟಿದರು.

“ಹೆಂಗೈತೆ ಸಿಸ್ಟರ್?”

‘ನಂದೇ ಸರ್’ ಎನ್ನುವ ಮಾತು ಗಂಟಲವರೆಗೆ ಬಂತು. ಬಾಯಿಗೆ ಬಂದದ್ದು ಮಾತ್ರ, “ಚೆನ್ನಾಗೈತೆ ಸರ್.”

“ಬರೀ ಚೆನ್ನಾಗೈತೆ ಅಂದ್ರೆ ಸಾಲದು. ನೋಡಿ ಕಲೀಬೇಕು. ಇಂಥದ್ದು ಬರೆಯಾಕೆ ನಾಲ್ಕು ಕಡೆ ಓಡಾಡಿದ ಅನುಭವ ಬೇಕು. ಇಂಜೆಕ್ಷನ್ ರೂಮಿನಾಗೆ ಕೂತವರಿಗೆ ಬರೋದಲ್ಲ.”

ಈಗಲೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಎರಡೇ ಎರಡು ಶಬ್ದ, ಹೇಳಲಿಲ್ಲ. ಡಾಕ್ಟರು ಕಣ್ಣೊರೆಸಿಕೊಂಡು, “ಎಂತೆಂಥ ಡಾಕ್ಟರು ಇರ್ತಾರೆ ನೋಡ್ರಿ ಲೋಕದಾಗೆ!” ಎಂದು ನಿಟ್ಟುಸಿರು ಬಿಟ್ಟು, ಡ್ರಾಯರು ಎಳೆದರು.

ಟಗರು

ಆ ಉರಿಯಲ್ಲೇ ಜಗಳೂರಿಗೆ ಬಂದ ಮೇಲೆ ಪ್ರತಿ ಬರಹದ ಕೆಳಗೂ ಮೇಲೂ ನನ್ನ ಹೆಸರು ಹಾಕತೊಡಗಿದೆ. ಕ್ಲಿನಿಕ್ಕಿನಲ್ಲೂ ಮುಚ್ಚಿಡಲಿಲ್ಲ. ಸುದ್ದಿ ಹಬ್ಬಿತು. ಒಂದು ಮಧ್ಯಾಹ್ನ ಬಿಳಿಚೋಡಿನ ಹೆಂಗಸೊಬ್ಬರು ಟಗರು ಎಳೆದುಕೊಂಡು ಬಂದು ಬಾಗಿಲಲ್ಲಿ ನಿಂತರು.

“ಸಿಸ್ಟರಮ್ಮ, ನೀವು ಬ್ಲಾಗ್ ಮಾಡ್ತೀರಂತೆ. ಇದರದ್ದೊಂದು ಮಾಡಿಕೊಡ್ರಿ. ಮಾರಬೇಕು.”

“ಅಮ್ಮಾ, ನಾನು ವಿಡಿಯೋ ಮಾಡೋದಿಲ್ಲ. ಬರೀತೀನಿ ಅಷ್ಟೆ.”

“ಬರೀತೀರಾ? ಹಂಗಾದ್ರೆ ಬರ್ಕೊಳ್ರಿ” ಎಂದು ಟಗರಿನ ಹಲ್ಲು, ಕೊಂಬು, ಗುಣ, ಸ್ವಭಾವ ಎಲ್ಲವನ್ನೂ ಹೇಳುತ್ತಾ ಹೋದರು. ಹೇಳುವ ಚೆಂದಕ್ಕೆ ಸೋತು ಹಾಗೇ ಬರೆದು ಹಾಕಿದೆ. ಜೀವನದ ಬಗ್ಗೆ, ಸಾವಿನ ಬಗ್ಗೆ ನಾನು ಕಣ್ಣೀರಿಟ್ಟು ಬರೆದದ್ದಕ್ಕೆ ಒಂದು ಕಮೆಂಟೂ ಬಂದಿರಲಿಲ್ಲ. ಟಗರಿಗೆ ಸುರಿಮಳೆ. ಎಲ್ಲರದೂ ಒಂದೇ ಪ್ರಶ್ನೆ, “ಎಷ್ಟಕ್ಕೆ ಕೊಡ್ತೀರಿ?”

ಟಗರು ಮಾರಿಹೋಯಿತು. ಆಕೆ ಮತ್ತೆ ಬಂದು, “ತಗೊಂಡೋರು ಹೇಳಿದ್ರು, ನೀವು ಭಾಳ ಚೆನ್ನಾಗಿ ಬರೀತೀರಂತೆ” ಎಂದರು. ನಾನು ಉಬ್ಬಿಹೋದೆ. “ಬಾಗಿಲಾಚೆ ಎಮ್ಮೆ ನಿಲ್ಸೀನಿ, ಸ್ವಲ್ಪ ಬರ್ರಿ.”

ನುಡಿನಮನ

ಟಗರಿನ ಪ್ರಸಂಗವನ್ನು ಸೊಕ್ಕೆಯ ಅಕ್ಕನಿಗೆ ಹೇಳಿದ್ದೆ. ಅವಳ ಬಾಯಿಂದ ಊರೆಲ್ಲ ಸುತ್ತಿ ನನಗೇ ವಾಪಸು ಬರುವಷ್ಟರಲ್ಲಿ ಆ ಟಗರು ಡಾಕ್ಟರಿಗೆ ಗುದ್ದಿ, ಗ್ಲೂಕೋಸ್ ಬಾಟಲಿ ಬೀಳಿಸಿ, ನನ್ನನ್ನು ಮೇಜು ಹತ್ತಿಸಿತ್ತು. ನನ್ನದಕ್ಕಿಂತ ಅದೇ ಚೆನ್ನಾಗಿತ್ತು. “ನೀನೇ ಬರಿಯೇ ಅಕ್ಕಾ, ಬ್ಲಾಗು ಮಾಡ್ಕೊಡ್ತೀನಿ” ಎಂದು ಎಷ್ಟೋ ಸಲ ಹೇಳಿದೆ. “ಬರೆದ್ರೆ ಎದುರಿನವರ ಮುಖ ಕಾಣಲ್ಲ ಕಣೇ. ನಕ್ಕರೋ ಇಲ್ಲೋ ಹೆಂಗೆ ಗೊತ್ತಾಗ್ಬೇಕು?” ಎಂದು ಜಾರಿಕೊಳ್ಳುತ್ತಿದ್ದಳು. ಮಳೆಗಾಲ ಕಳೆಯಲಿ, ಕೂತು ಅವಳ ಕಥೆಗಳನ್ನೆಲ್ಲ ನಾನೇ ಬರೆದುಕೊಳ್ಳೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಅಕ್ಕ ಹೋಗಿಬಿಟ್ಟಳು. ಅವಳ ಜೊತೆಗೆ ಅವೂ ಹೋದವು.

ಅಕ್ಕನ ಶಿವಗಣಾರಾಧನೆಯ ದಿನ ಸೊಕ್ಕೆಯ ಮನೆ ಮುಂದೆ ಶಾಮಿಯಾನದಲ್ಲಿ ನುಡಿನಮನ ಇಟ್ಟಿದ್ದರು. ಮಾತಾಡಿದ ಹಿರಿಯರೆಲ್ಲ, “ಅಮ್ಮನವರು ಮಿತಭಾಷಿ, ಗಂಭೀರ ಸ್ವಭಾವ” ಎಂದರು. ನಾನು ಹಾರ ಹಾಕಿದ್ದ ಅವಳ ಫೋಟೋ ನೋಡಿದೆ. ಯಾರ ಬಗ್ಗೆ ಮಾತಾಡುತ್ತಿದ್ದಾರೆ ಅಂತ ಅಕ್ಕನಿಗೂ ಗೊತ್ತಾಗಿರಲಾರದು. ಮೊದಲಾಗಿದ್ದರೆ ಸುಮ್ಮನೆ ಕೂತು ಅತ್ತು ಬರುತ್ತಿದ್ದೆ. ಆದರೆ ಇಷ್ಟು ವರ್ಷ ಗುಂಡಿ ಒತ್ತಿ ಒತ್ತಿ ಒಂದು ಮೊಂಡುತನ ಬಂದಿತ್ತು. ಎದ್ದು ಹೋಗಿ ಮೈಕು ಹಿಡಿದೆ.

“ನಮ್ಮಕ್ಕ ಮಿತಭಾಷಿ ಅಲ್ಲ. ಮಾತಾಡಿಯೇ ಮದುವೆಯಾದವಳು” ಎಂದೆ. ಅಕ್ಕ ತಾನೇ ಎಲ್ಲರಿಗೂ ಹೇಳುತ್ತಿದ್ದ ಕಥೆಯನ್ನು ಹೇಳಿದೆ. ಹೆಣ್ಣು ನೋಡಲು ಬಂದವರು ಹಾಡು ಬರುತ್ತಾ ಎಂದು ಕೇಳಿದ್ದರು. “ಹಾಡು ಬರಲ್ಲ, ಕತೆ ಬರ್ತೈತೆ, ಹೇಳ್ಲಾ?” ಎಂದ ಅಕ್ಕ, ನಮ್ಮ ಸೋದರತ್ತೆ ಬಸ್ಸಿನಲ್ಲಿ ತನ್ನ ಹೂವಿನ ಬುಟ್ಟಿ ಬಿಟ್ಟು ಯಾರದೋ ಕೋಳಿ ಬುಟ್ಟಿ ಹೊತ್ತು ಬಂದದ್ದನ್ನೂ, ಸೋದರತ್ತೆಯ ಮಾವ ಲಿಂಗಪೂಜೆಗೆ ಕೂತು ಹೂವಿಗೆ ಕೈ ಹಾಕಿದಾಗ ಬುಟ್ಟಿ ಕೂಗಿದ್ದನ್ನೂ ಹೇಳಿದ್ದಳು. ಗಂಡು ಎಷ್ಟು ನಕ್ಕರೆಂದರೆ ಉಪ್ಪಿಟ್ಟು ನೆತ್ತಿಗೆ ಹತ್ತಿ, ಕಣ್ಣಲ್ಲಿ ನೀರು ಬಂತು. “ಅವರು ನನ್ನ ಮುಖ ನೋಡಿ ಒಪ್ಪಿದ್ದಲ್ಲ, ನನ್ನ ಕತೆ ಕೇಳಿ ಒಪ್ಪಿದ್ದು” ಎನ್ನುವುದು ಅಕ್ಕನ ಜೀವಮಾನದ ಹೆಮ್ಮೆ.

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಶಾಮಿಯಾನ ನಕ್ಕಿತು. ಮಠದಿಂದ ಬಂದಿದ್ದ ಸ್ವಾಮಿಗಳೂ ಶಾಲಿನಲ್ಲಿ ಬಾಯಿ ಮುಚ್ಚಿಕೊಂಡರು. ಮುಂದಿನ ಕುರ್ಚಿಯಲ್ಲಿದ್ದ ಭಾವ ಮಾತ್ರ ನಗಲಿಲ್ಲ. ಆ ಮನೆಯಲ್ಲಿ ನಿಜವಾದ ಮಿತಭಾಷಿ ಅವರೇ. ತಪ್ಪು ಮಾಡಿದೆನೇನೋ ಅನ್ನಿಸಿತು. ಅವರು ಮೆಲ್ಲಗೆ ಎದ್ದು ಬಂದು ಮೈಕಿಗೆ ಕೈ ಚಾಚಿದರು.

“ಅವತ್ತು ನಾನು ನಕ್ಕಿದ್ದಲ್ಲ” ಎಂದರು. “ಉಪ್ಪಿಟ್ಟಿನಾಗೆ ಹಸಿಮೆಣಸಿನಕಾಯಿ ಸಿಕ್ಕಿತ್ತು. ಕೆಮ್ಮು ಬಂದು ತಲೆ ಅಲ್ಲಾಡ್ತು. ನಮ್ಮಪ್ಪ, ‘ಹುಡುಗ ಒಪ್ಪಿದ’ ಅಂದ್ಬಿಟ್ಟ.”

ಜನ ಕುರ್ಚಿ ಹಿಡಿದುಕೊಂಡು ನಕ್ಕರು. ಅಡುಗೆಯವರು ಸೌಟು ಹಿಡಿದೇ ಹೊರಗೆ ಬಂದರು. ಭಾವ ನಗು ನಿಲ್ಲುವವರೆಗೆ ಕಾದರು.

“ಅವಳು ಅದನ್ನ ಊರಿಗೆಲ್ಲ ಹೇಳೋವಾಗ ಪಕ್ಕದಾಗೇ ಕೂತಿರ್ತಿದ್ದೆ. ನಿಜ ಹೇಳಾಕೆ ಧೈರ್ಯ ಸಾಲ್ಲಿಲ್ಲ” ಎಂದರು. ಆಮೇಲೆ ಫೋಟೋದ ಕಡೆ ತಿರುಗಿ, “ಆ ಕೋಳಿ ಬುಟ್ಟಿ ಕತೆ ಆಮೇಲೆ ಸರಿಯಾಗಿ ಕೇಳಿಸ್ಕೊಂಡೆ. ಚೆನ್ನಾಗೇ ಐತೆ. ಅದನ್ನೂ ಅವಳಿಗೆ ಹೇಳ್ಲಿಲ್ಲ.”