ಗಿದ್ಯೋನಪ್ಪ ಉಪದೇಶಿಯ ಕಡಿದ ಎಳೆ

ಕೆಲಸ ಕೆಟ್ಟದ್ದು ಸಿದ್ದಪ್ಪನವರ ಒಳ್ಳೆಯತನದಿಂದ.

ಅರಳೆ ದಲ್ಲಾಳಿ ಸಿದ್ದಪ್ಪನವರ ಮನೆಗೂ ಗಿದ್ಯೋನಪ್ಪ ಉಪದೇಶಿಯ ಮನೆಗೂ ನಡುವೆ ಇದ್ದದ್ದು ಒಂದೇ ಮೋಟುಗೋಡೆ. ಸಂಜೆಯಾದರೆ ಗೋಡೆಯ ಆಚೆ ಭಜನೆ, ಈಚೆ ಚರ್ಚಿನ ಗಾಯನ ಮಂಡಳಿಯ ತಾಲೀಮು. ಯಾರ ತಾಳ ಯಾರ ಹಾಡಿಗೆ ಬಿತ್ತೆಂದು ಹುಬ್ಬಳ್ಳಿಯ ಆ ಓಣಿಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಗಿದ್ಯೋನಪ್ಪ ಗರಗದ ನೇಕಾರನ ಮಗ. ಮಿಶನ್ ಸಾಲಿಯಲ್ಲಿ ಓದಲು ಬಂದವನು ಅಲ್ಲಿನ ಹಾರ್ಮೋನಿಯಂ ಕಂಡು ಊರಿಗೆ ಮರಳುವುದನ್ನೇ ಮರೆತಿದ್ದ. ತಲೆಯಲ್ಲಿ ಒಂದು ಧಾಟಿ ಹೊಕ್ಕಿತೆಂದರೆ ನಡುರಸ್ತೆಯಲ್ಲಿ ನಿಂತುಬಿಡುವನು. ಟಾಂಗಾದವರು ಕಂಬವನ್ನು ಬಳಸಿದಂತೆ ಅವನನ್ನು ಬಳಸಿ ಹೋಗುವರು. ಅವನು ಕಲಿಸಿದ ಹಾಡಿಗೆ ಕಲ್ಲೂ ತಲೆದೂಗಬೇಕು. ದೇವರ ವಾಕ್ಯ ಬೋಧಿಸುವ ಪ್ರಸಂಗಕ್ಕೆ ನಿಂತರೆ ಮಾತ್ರ ಬಾಯಿಪಾಠ ಮಾಡಿದ ಮಾತು ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತಿತ್ತು, ಸಭೆ ತೊಟ್ಟಿಲ ಕೂಸಿನಂತೆ ನಿದ್ದೆಹೋಗುತ್ತಿತ್ತು. ಅದಕ್ಕೇ ಕೂದಲು ನರೆತರೂ ಅವನಿನ್ನೂ ಪಾದ್ರಿಯ ಕೈಕೆಳಗಿನ ಉಪದೇಶಿ, ಸಭೆ ನಡೆಸುವ ಸಭಾಪಾಲಕನಲ್ಲ.

ಆ ಭಾನುವಾರ ಮಿಶನ್ನಿನ ದೊರೆ, ಬಿಳಿಯ ಹಿರಿಯ ಪಾದ್ರಿ, ಪರೀಕ್ಷೆಗೆ ಬರುವವರಿದ್ದರು. ಬೆಳಿಗ್ಗೆ ಸಿದ್ದಪ್ಪನವರು ಗೋಡೆಯ ಮೇಲೆ ಗದ್ದವಿಟ್ಟು ವಿಚಾರಿಸಿದರು.

"ಉಪದೇಶಿಗಳ, ಇವತ್ತ ದೊರಿ ಬರ್ತಾನಂತಲ್ರಿ?"

"ಹೌದ್ರಿ ಕಾಕಾ. ಹಾಡು ಕೇಳ್ತಾರ, ಪ್ರಸಂಗ ಕೇಳ್ತಾರ. ಮನಸ್ಸಿಗೆ ಬಂದ್ರ ಸಭಾಪಾಲಕ ಮಾಡ್ತಾರ. ಇಲ್ಲಂದ್ರ ಹಿಂಗ ಉಪದೇಶಿ ಆಗೇ ಸಾಯೂದು."

"ಬಿಡ್ತು ಅನ್ರಿ! ಮಂದಿ ಎಷ್ಟ ಕೂಡ್ತಾರ?"

"ಕೂಡೂ ಬಾಕು ಅರ್ಧಾ ಖಾಲೀನ ಇರ್ತಾವ್ರಿ."

"ಹಂಗಾರ ನಮ್ಮ ಭಜನಿ ಮಂದಿನ್ನ ಕರಕೊಂಡ ಬರ್ತೇನಿ. ನಾಟಕ ಕಂಪನಿ ಬಾಬುಸಾಬಗೂ ಹೇಳ್ತೇನಿ. ಓಣಿ ಮಾನದ ಪ್ರಶ್ನೆ ಐತ್ರಿ. ಏನಂತೀರಿ?"

"ಬ್ಯಾಡ ಅನ್ರಿ," ಎಂದು ಹೆಂಡತಿ ರೂತವ್ವ ಒಳಗಿನಿಂದ ಪಿಸುಗುಟ್ಟಿದಳು. ಬೇಡವೆನ್ನಬೇಕೆಂದೇ ಗಿದ್ಯೋನಪ್ಪನಿಗೂ ಇತ್ತು. ಆದರೆ ಅಷ್ಟರಲ್ಲಿ ಅವನ ತಲೆಯೊಳಗೆ ಭೈರವಿ ಏರುತ್ತಿತ್ತು. ಕುತ್ತಿಗೆ ತಾನಾಗಿ ತಾಳ ಹಾಕಿತು. ಸಿದ್ದಪ್ಪನವರು ಅದನ್ನು ಒಪ್ಪಿಗೆಯೆಂದು ತಿಳಿದರು.

ಚರ್ಚು ಕಿಟಕಿಯವರೆಗೂ ತುಂಬಿತು. ವಿಭೂತಿ ಹಚ್ಚಿದ ಹಣೆಗಳ ನಡುವೆ ಬಾಬುಸಾಬನ ಕೆಂಪು ಟೋಪಿ. ದೊರೆ ಕನ್ನಡಕ ಏರಿಸಿ ನೋಡಿ, "ಸಭೆ ಬಹಳವಾಗಿ ವೃದ್ಧಿಯಾಗಿದೆ," ಎಂದು ಹಿಗ್ಗಿದರು.

ಮಂಡಳಿ ಹಾಡಿತು. ಗಿದ್ಯೋನಪ್ಪನೇ ಕಟ್ಟಿದ, ತಪ್ಪಿಸಿಕೊಂಡ ಕುರಿಮರಿಯ ಹಾಡು. ಕೊನೆಯ ಸಾಲು ಗಾಳಿಯಲ್ಲಿ ಇನ್ನೂ ತೂಗುತ್ತಿರುವಾಗಲೇ ಬಾಬುಸಾಬ ತನ್ನ ಕಂಪನಿಯ ರೂಢಿಯಂತೆ ಕೂಗಿದ: "ವನ್ಸ್‌ಮೋರ್!"

"ವನ್ಸ್‌ಮೋರ್!" ಎಂದಿತು ಭಜನೆಯ ಮಂದಿ.

ದೊರೆ ಪಕ್ಕದ ಸಿದ್ದಪ್ಪನವರ ಕಡೆ ತಿರುಗಿದರು. "ಇದೇನು?"

"ನಮ್ಮ ಕಡೆ ಪದ್ಧತಿ ಹಂಗ ಐತ್ರಿ ದೊರೆ. ಛಲೋ ಇದ್ದದ್ದನ್ನ ಮತ್ತೊಮ್ಮೆ ಕೇಳೂದು. ಕೇಳಿದ ಮ್ಯಾಲೆ ಒಲ್ಲೆ ಅನ್ನೂಹಂಗಿಲ್ರಿ."

"ಒಳ್ಳೆಯ ಪದ್ಧತಿ," ಎಂದರು ದೊರೆ. ಹಾಡು ಮತ್ತೆ ಎದ್ದಿತು. ಮತ್ತೆ ಕೂಗು, ಮತ್ತೆ ಹಾಡು. ಹಾಡುತ್ತ ಹಾಡುತ್ತ ಗಿದ್ಯೋನಪ್ಪನಿಗೆ ನೆಲ ಸಡಿಲಾಯಿತು. ಕಿಟಕಿಯ ಬಿಸಿಲು ಹಾಸುಹೊಕ್ಕಿನ ನೂಲಿನ ಹಾಗೆ ಕಂಡಿತು. ಪ್ರಸಂಗಕ್ಕೆ ಎದ್ದು ನಿಂತಾಗ ಬಾಯಿಪಾಠದ ಒಂದು ಅಕ್ಷರವೂ ತಲೆಯಲ್ಲಿ ಉಳಿದಿರಲಿಲ್ಲ.

ಬಾಯಿ ತೆರೆದ. ಅವನ ಒಳಗಿಂದ ಬೇರೆ ಯಾರೋ ಮಾತಾಡಿದಂತಾಯಿತು.

"ಮಗ್ಗದಾಗ ಒಂದ ಎಳಿ ಕಡಿದ್ರ ನಮ್ಮಪ್ಪ ಇಡೀ ಮಗ್ಗ ನಿಲ್ಲಸ್ತಿದ್ದ. ಸಾವಿರ ಎಳಿ ಅದಾವು, ಒಂದ ಹೋದ್ರ ಏನಾತು ಅಂತ ಕೇಳಿದ್ರ..."

ಆಮೇಲೆ ಏನು ಹೇಳಿದನೋ ಅವನಿಗೇ ತಿಳಿಯದು. ತಾಯಿ ಹಿಡಿದ ದೀಪ ಬಂತು, ತಂದೆಯ ಒರಟು ಬೆರಳು ಬಂದವು, ದೇವರು ನೇಕಾರ ಕಾಲು ಇಳಿಬಿಡುವ ಮಗ್ಗದ ಕುಣಿಯಲ್ಲಿ ಕೂತು ಕತ್ತಲೆಯಲ್ಲಿ ಎಳೆ ತಡಕಿದ. ಮುಗಿದಾಗ ಬಾಬುಸಾಬ ಟೋಪಿ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದ. ರೂತವ್ವ ತನ್ನ ಗಂಡನನ್ನು ಹೊಸಬನನ್ನು ನೋಡುವಂತೆ ನೋಡುತ್ತಿದ್ದಳು.

ದೊರೆ ಎದ್ದರು. ಅವರ ಕೆನ್ನೆಯೂ ಒದ್ದೆ. ಗಿದ್ಯೋನಪ್ಪ ಕೈಕಟ್ಟಿ ನಿಂತ. ದೊರೆ ಊರಿನ ಪದ್ಧತಿಗೆ ಮರ್ಯಾದೆ ಕೊಟ್ಟು, ಗಟ್ಟಿಯಾಗಿ ಹೇಳಿದರು:

"ವನ್ಸ್‌ಮೋರ್!"

ಗಿದ್ಯೋನಪ್ಪ ಮತ್ತೆ ಸಭೆಯ ಕಡೆ ತಿರುಗಿದ.

"ಮಗ್ಗದಾಗ ಒಂದ ಎಳಿ ಕಡಿದ್ರ..." ಎಂದ. "ಕಡಿದ್ರ... ಕಡೀತದ..." ಮುಂದೆ ಬರೇ ಬೆಳಕು. ಎದ್ದವನ ಕನಸಿನ ಹಾಗೆ ಎಲ್ಲ ಜಾರಿಹೋಗಿತ್ತು.

ಸಿದ್ದಪ್ಪನವರಿಗೆ ತಡೆಯಲಾಗಲಿಲ್ಲ. "ಮಗ್ಗ ನಿಲ್ಲಸ್ತಿದ್ದ ನಿಮ್ಮಪ್ಪ!" ಎಂದು ಎತ್ತಿಕೊಟ್ಟರು.

"ಆಮ್ಯಾಲೆ ಅವ್ವ ದೀಪ ಹಿಡದ್ಲರೀ!" ಎಂದ ಬಾಬುಸಾಬ, ನಾಟಕದ ಪರದೆಯ ಹಿಂದೆ ನಿಂತವನಂತೆ.

"ಏ, ದೀಪ ಆಮ್ಯಾಲೆ! ಮೊದಲ ಬೆರಳು!" ಎಂದಿತು ಕಿಟಕಿ.

"ಬೆರಳಲ್ಲೋ, ಕುಣಿ!"

ಗಿದ್ಯೋನಪ್ಪ ಒಂದೊಂದು ಮಾತಿನ ಹಿಂದೆ ಓಡಿದ, ಚದುರಿದ ಕೋಳಿಮರಿಗಳನ್ನು ಹಿಡಿಯುವವನಂತೆ. ಒಂದೂ ಕೈಗೆ ಸಿಗಲಿಲ್ಲ. ದೊರೆ ಎಲ್ಲರ ಮುಖವನ್ನೂ ನೋಡಿದರು. ನಿಧಾನವಾಗಿ ಅವರ ಕಣ್ಣು ಒಣಗಿತು.

"ಉಪದೇಶಿಯೇ, ಈ ಪ್ರಸಂಗ ನಿನ್ನೊಬ್ಬನನ್ನು ಬಿಟ್ಟು ಊರಿಗೆಲ್ಲ ಕಂಠಪಾಠವಾಗಿದೆ. ಎಷ್ಟು ವರ್ಷದಿಂದ ಇದನ್ನೇ ಹೇಳುತ್ತಿದ್ದೀ?"

"ಅಯ್ಯೋ, ಇವತ್ತ ಮೊದಲ ಸಾರೆ ಕೇಳಿದ್ದರೀ ದೊರೆ!" ಎಂದರು ಸಿದ್ದಪ್ಪನವರು.

"ಮೊದಲ ಸಾರೆ ಕೇಳಿದವರು ತಿದ್ದುವುದಿಲ್ಲ," ಎಂದರು ದೊರೆ. "ಬರುವ ವರ್ಷ ಬರುತ್ತೇನೆ. ಹೊಸ ಪ್ರಸಂಗ ಸಿದ್ಧಮಾಡು."

ಮಧ್ಯಾಹ್ನ ಗಿದ್ಯೋನಪ್ಪ ರೊಟ್ಟಿ ಮುಟ್ಟದೆ ಹಿತ್ತಲ ಬೇವಿನ ನೆರಳಿನಲ್ಲಿ ಅಡ್ಡಾದ. ಎಲ್ಲಿಂದಲೋ ಗರಗದ ಮಗ್ಗದ ಸಪ್ಪಳ ಬಂತು. ಅಪ್ಪ ಕುಣಿಯಲ್ಲಿ ಕೂತಿದ್ದ, ಅವ್ವ ದೀಪ ತಂದಳು. ಮಾತು ಒಂದರ ಹಿಂದೆ ಒಂದು, ಗಂಟಿಲ್ಲದ ನೂಲಿನಂತೆ ಹರಿಯಿತು.

"ವನ್ಸ್‌ಮೋರ್!"

ದಿಗ್ಗನೆ ಎಚ್ಚರವಾಯಿತು. ಪಕ್ಕದಲ್ಲಿ ರೂತವ್ವ ಕಣ್ಣು ತುಂಬಿಕೊಂಡು ಕೂತವಳು ಗೋಡೆಯ ಕಡೆ ಹರಿಹಾಯ್ದಳು.

"ಎಂಥಾ ಮಂದೀರಿ ನೀವು! ನಿದ್ದ್ಯಾಗ ಇಡೀ ಪ್ರಸಂಗ ಹೇಳಾಕತ್ತಿದ್ರು. ಕಡಿದ ಎಳಿ ಸಿಗೂದೊಂದ ಬಾಕಿ ಇತ್ತು!"

"ತಪ್ಪಾತ್ರಿ ತಂಗೀ, ತಡಕೊಳ್ಳಾಕ ಆಗಲಿಲ್ಲ," ಎಂದು ಸಿದ್ದಪ್ಪನವರು ಗೋಡೆಯ ಮೇಲೆ ಗದ್ದವಿಟ್ಟರು. "ಉಪದೇಶಿಗಳ, ಚಿಂತಿ ಮಾಡಬ್ಯಾಡ್ರಿ. ಬರೂ ವರ್ಷ ಇದರ ಎರಡರಷ್ಟ ಮಂದಿ ಕರಕೊಂಡ ಬರ್ತೇನಿ. ಏನಂತೀರಿ?"

ಗಿದ್ಯೋನಪ್ಪ ಕಣ್ಣು ಮುಚ್ಚಿದ್ದ. ಮಗ್ಗದ ಸಪ್ಪಳ ಇನ್ನೂ ಪೂರ್ತಿ ನಿಂತಿರಲಿಲ್ಲ. ಅವನ ಕುತ್ತಿಗೆ ಮೆಲ್ಲಗೆ ತಾಳ ಹಾಕುತ್ತಿತ್ತು.