ಇದ್ದಿಲ ಬಸ್ಸೂ ಇಪ್ಪತ್ತಮೂರು ಕಾದಂಬರಿಗಳೂ

ಹದಿನಾಲ್ಕು ಹದಿನೈದು ವಯಸ್ಸಿನ ಮಕ್ಕಳಿಗೆ ಯಾವ ಕಾದಂಬರಿ ಕೊಡಬೇಕು ಎಂದು ಯಾರಾದರೂ ಕೇಳಿದರೆ, ಇಡೀ ಮದ್ದೂರಿನಲ್ಲಿ ಉತ್ತರ ಹೇಳುವ ಯೋಗ್ಯತೆ ಇರುವುದು ನನಗೊಬ್ಬನಿಗೇ ಎಂದು ನಾನು ದೃಢವಾಗಿ ನಂಬಿದ್ದೆ. ಒಂದೇ ಒಂದು ಸಣ್ಣ ಕೊರತೆಯಿತ್ತು. ನಾನು ಒಂದು ಕಾದಂಬರಿಯನ್ನೂ ಓದಿರಲಿಲ್ಲ!

ಓದುವ ಅಗತ್ಯ ಬಿದ್ದಿರಲಿಲ್ಲ. ಮನೆಯಲ್ಲಿ ಓದುತ್ತಿದ್ದವಳು ನನ್ನ ಹೆಂಡತಿ ನಿಂಗಮ್ಮ. ಹೊಳಲಿನ ಮೇಷ್ಟರ ಮಗಳು. ಒಲೆಯ ಮೇಲೆ ಸಾರು ಕುದಿಯುವಷ್ಟು ಹೊತ್ತಿನಲ್ಲಿ ಹತ್ತು ಪುಟ ಮುಗಿಸುವಳು. ನಾನು ಮುದ್ದೆ ಮುರಿಯುತ್ತ ಕೂತಾಗ ಓದಿದ್ದನ್ನೆಲ್ಲ ಹೇಳುವಳು. ಕಳ್ಳ ಗೋಡೆ ಹತ್ತಿದ, ದೀಪ ಆರಿತು, ಯಾರೋ ಭುಜದ ಮೇಲೆ ಕೈಯಿಟ್ಟರು ಎನ್ನುವಲ್ಲಿಗೆ ಸರಿಯಾಗಿ ನಿಲ್ಲಿಸುವಳು.

"ಆಮೇಲೆ?" ಎಂದು ನಾನು ಬಾಯಿ ಬಿಡುತ್ತಿದ್ದೆ.

"ಆಮೇಲೆ ಇನ್ನೊಂದ್ ಮುದ್ದೆ. ಉಣ್ಣಿ, ಆರೋಯ್ತದೆ."

ಹೀಗೆ ಇಪ್ಪತ್ತೆರಡು ಕಾದಂಬರಿಗಳನ್ನು ನಾನು ಪೂರ್ತಿಯಾಗಿ ತಿಂದಿದ್ದೇನೆ. ಇಪ್ಪತ್ತಮೂರನೆಯದರ ನಡುವೆ ಅವಳಿಗೆ ಜ್ವರ ಬಂತು. ಹತ್ತು ದಿನಕ್ಕೆ ಹೋಗಿಬಿಟ್ಟಳು. ಅದರ ಬಗ್ಗೆ ಹೆಚ್ಚು ಬರೆಯುವುದು ನನಗೆ ಬರುವುದಿಲ್ಲ. ಅವಳ ಪುಸ್ತಕದ ಟ್ರಂಕು ಮನೆಯಲ್ಲಿ ಸುಮ್ಮನೆ ಕೂತಿರುವುದನ್ನು ನೋಡಲಾಗದೆ, ಅದನ್ನು ಬಸ್ ಸ್ಟ್ಯಾಂಡಿನ ನನ್ನ ಶೆಡ್ಡಿಗೆ ತಂದಿಟ್ಟುಕೊಂಡೆ.

ನಾನು ಬಸ್ಸಿನ ಏಜೆಂಟ್. ಹೆಸರು ಪುಟ್ಟಸ್ವಾಮಿ. ಟಿಕೇಟು ಹರಿದು ಕೊಡುವುದು, ಜನರನ್ನು ಹತ್ತಿಸುವುದು, ಬಸ್ಸು ಯಾವಾಗ ಹೊರಡುತ್ತದೆ ಎಂದು ಕೇಳಿದವರಿಗೆ ಸುಳ್ಳು ಹೇಳುವುದು ನನ್ನ ಉದ್ಯೋಗ. ಯುದ್ಧದ ಕಾಲ. ಪೆಟ್ರೋಲ್ ಇಲ್ಲ. ಬಸ್ಸಿನ ಬೆನ್ನಿಗೆ ಹಂಡೆಯಂಥ ಒಲೆ ಕಟ್ಟಿ, ಇದ್ದಿಲು ತುಂಬಿ, ಬೆಂಕಿ ಹಾಕಿ, ಹೊಗೆ ಬರಿಸಿ ಓಡಿಸುತ್ತಿದ್ದೆವು. ಬೋರ್ಡಿನಲ್ಲಿ ಎಂಟು ಗಂಟೆ ಎಂದಿತ್ತು. ಒಲೆ ಕಾದು ಬಸ್ಸಿಗೆ ಮನಸ್ಸು ಬರಲು ಕೆಲವು ದಿನ ಅರ್ಧ ಗಂಟೆ, ಕೆಲವು ದಿನ ಒಂದೂವರೆ ಗಂಟೆ. ಮಂಡ್ಯದ ಹೈಸ್ಕೂಲಿಗೆ ಹೋಗುವ ಏಳೆಂಟು ಮಕ್ಕಳು ಅಷ್ಟೂ ಹೊತ್ತು ನನ್ನ ಶೆಡ್ಡಿನ ಮುಂದೆ ಕಿತ್ತಾಡುತ್ತಿದ್ದವು.

ಅವರಲ್ಲಿ ಮುಖ್ಯರು ಇಬ್ಬರು. ಬೆಸಗರಹಳ್ಳಿಯ ಜಯ, ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದ ಹುಡುಗಿ. ಇನ್ನೊಬ್ಬ ರಹೀಮ, ನಮ್ಮ ಬಸ್ಸಿನ ಮೆಕ್ಯಾನಿಕ್ ಸಾಹೇಬರ ಮಗ. ಒಂದು ದಿನ ಜಯ ಟ್ರಂಕಿನತ್ತ ಬೆರಳು ತೋರಿಸಿ, "ಅದ್ರಲ್ಲಿ ಏನದೆ ಮಾವ?" ಎಂದಳು.

"ಕಾದಂಬರಿಗಳು. ನಿಮ್ಮ ವಯಸ್ಸಿನವರಿಗೆ ಯಾವುದು ತಕ್ಕದ್ದು ಎಂದು ನಾನು ವಿಚಾರ ಮಾಡಿ ಕೊಡುತ್ತೇನೆ," ಎಂದೆ, ಗಂಭೀರವಾಗಿ. ಕನ್ನಡಕ ಬೇರೆ ಹಾಕಿಕೊಂಡೆ!

ಜಯಳಿಗೆ ಹಾರುವ ಮಂಚದ ಕಥೆ. ರಹೀಮನಿಗೆ ಜಮೀನ್ದಾರನ ಕೊಲೆಯ ಪತ್ತೇದಾರಿ. "ಇದನ್ನು ಓದುವಾಗ ಬೆನ್ನು ಗೋಡೆಗೆ ಕೊಟ್ಟು ಕೂತ್ಕೊ" ಎಂದು ಎಚ್ಚರಿಕೆಯನ್ನೂ ಕೊಟ್ಟೆ. ಮಕ್ಕಳು ಪುಸ್ತಕ ಎದೆಗವಚಿಕೊಂಡು ಬಸ್ಸು ಹತ್ತಿದರು. ಶೆಡ್ಡಿನ ಮುಂದೆ ಅಂದು ಮೊದಲ ಸಲ ಕಿತ್ತಾಟವಿಲ್ಲ. ನಾನು ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರನಂತೆ ಬೀಗಿದೆ.

ಮೂರನೆಯ ದಿನ ಜಯ ಪುಸ್ತಕ ತಂದು ನನ್ನ ಮೇಜಿನ ಮೇಲೆ ಕುಕ್ಕಿದಳು.

"ಮಾವ, ಮಂಚ ಮಾಂತ್ರಿಕನ ಕೋಟೆ ಮ್ಯಾಕೆ ನಿಂತದೆ. ಕೆಳಗೆ ಬಾಣ ಬಿಡ್ತಾವ್ರೆ. ಆಮೇಕೆ ಹಾಳೇನೇ ಇಲ್ಲ!"

ಗೆದ್ದಲು ತಿಂದಿರಬೇಕು ಎಂದೆ. ಅದಕ್ಕೇನಂತೆ, ಕೊನೆ ನನಗೆ ಗೊತ್ತಿತ್ತಲ್ಲ. ನಿಂಗಮ್ಮ ಹೇಳಿದಂತೆಯೇ ಹೇಳಿದೆ: ಬಾಣ ತಾಗುವಷ್ಟರಲ್ಲಿ ಮಂಚ ಮಾತಾಡಿತು. 'ನಾನು ಮೊದಲು ಮರವಾಗಿದ್ದೆ, ಹಾರಿ ಸಾಕಾಯಿತು' ಎಂದಿತು. ಕೋಟೆಯ ಅಂಗಳಕ್ಕಿಳಿದು ನಾಲ್ಕು ಕಾಲನ್ನೂ ಮಣ್ಣಿಗೆ ಊರಿತು. ಬೇರು ಬಿಟ್ಟಿತು, ಚಿಗುರಿತು, ಕೋಟೆಯನ್ನೇ ಸೀಳಿಕೊಂಡು ಬೆಳೆಯಿತು.

ಮಕ್ಕಳು ಬಸ್ಸು ಹೊರಟರೂ ಹತ್ತಲಿಲ್ಲ. ಡ್ರೈವರ್ ಮಾದಪ್ಪ ಇಳಿದು ಬಂದು ಅಟ್ಟಬೇಕಾಯಿತು.

ರಹೀಮನ ಪತ್ತೇದಾರಿಯಲ್ಲೂ ಕೊಲೆಗಾರನ ಹೆಸರು ಹೇಳುವ ಹಾಳೆಯಿಲ್ಲ. ಗೆದ್ದಲು! ಅದರ ಕೊನೆಯನ್ನೂ ಹೇಳಿದೆ: ಜಮೀನ್ದಾರ ಸತ್ತೇ ಇರಲಿಲ್ಲ, ತಾನು ಸತ್ತರೆ ಯಾರು ನಿಜವಾಗಿ ಅಳುತ್ತಾರೆ ನೋಡೋಣ ಎಂದು ಅಟ್ಟದ ಮೇಲೆ ಅಡಗಿ ಕೂತಿದ್ದ! ಆಮೇಲೆ ಮೂರನೆಯ ಪುಸ್ತಕ, ನಾಲ್ಕನೆಯದು, ಐದನೆಯದು. ಎಲ್ಲವೂ ಮೊಂಡು. ಎಲ್ಲದಕ್ಕೂ ನನ್ನ ಬಾಯಲ್ಲಿ ಕೊನೆ. ಮಕ್ಕಳು ಒಲೆಗೆ ಬೆಂಕಿ ಹಾಕುವ ಮೊದಲೇ ಬಂದು ಕೂರತೊಡಗಿದರು. ಒಂದು ವರ್ಷದಿಂದ ನನ್ನನ್ನು ಯಾರೂ 'ಆಮೇಲೆ ಏನಾಯ್ತು' ಎಂದು ಕೇಳಿರಲಿಲ್ಲ. ಆ ಗದ್ದಲದಲ್ಲಿ ನನಗೆ ಬೆಳಗುಗಳು ಹಗುರವಾಗಿದ್ದವು. ಅದು ನಿಂತರೆ ಏನು ಮಾಡಲಿ ಎಂಬ ಯೋಚನೆಯೂ ಬರುತ್ತಿತ್ತು.

ನಿಂತಿತು. ಪತ್ತೇದಾರಿ ಕಾದಂಬರಿ ಕೊಟ್ಟು ಮಕ್ಕಳನ್ನು ಬೆಳೆಸಿದರೆ ಏನಾಗುತ್ತದೆಂದು ನಾನು ಮೊದಲೇ ಊಹಿಸಬೇಕಿತ್ತು. ಒಂದು ಬೆಳಗ್ಗೆ ರಹೀಮ ಎಂಟು ಪುಸ್ತಕಗಳನ್ನು ಬೆಂಚಿನ ಮೇಲೆ ಸಾಲಾಗಿ ಜೋಡಿಸಿ, ಕೊನೆಯ ಪುಟ ತೆರೆದಿಟ್ಟ.

"ಏಜೆಂಟ್ರೇ, ಗೆದ್ಲು ಇಷ್ಟು ನ್ಯಾರವಾಗಿ ತಿನ್ನಕಿಲ್ಲ. ಯಾರೋ ಹರ್ದವ್ರೆ. ನೋಡಿ, ಎಲ್ಲಾದ್ರಲ್ಲೂ ಮೇಲ್ತುದೀಲಿ ಬೆರಳಗಲ ಕಾಗ್ದ ಉಳ್ದದೆ."

"ಪಾಪಿ ಯಾರೋ!" ಎಂದೆ ನಾನು, ಮನಸ್ಸಾರೆ.

ರಹೀಮ ನನ್ನ ಟಿಕೇಟು ಪುಸ್ತಕ ಎತ್ತಿ ಪಕ್ಕದಲ್ಲಿಟ್ಟ. ನಾನು ಹರಿದುಕೊಟ್ಟ ಪ್ರತಿಯೊಂದು ಟಿಕೇಟಿನ ಬುಡದಲ್ಲೂ, ಮೇಲ್ತುದಿಯಲ್ಲಿ, ಬೆರಳಗಲ ಕಾಗದ!

ನನಗೆ ಆಗ ನೆನಪಾಯಿತು.

ಬಸ್ಸಿನ ಒಲೆ ಹೊತ್ತಿಸಲು ಕಾಗದ ಬೇಕು. ಯುದ್ಧದಿಂದಾಗಿ ಕಾಗದ ಸಿಗುತ್ತಿರಲಿಲ್ಲ. "ಲೇ ಪುಟ್ಸಾಮಿ, ಕಾಗ್ದ ತತ್ತೀಯೋ, ನಿನ್ ಪಂಚೆ ಹಾಕ್ಲೋ?" ಎಂದು ಮಾದಪ್ಪ ದಿನಾ ಕೂಗುತ್ತಿದ್ದ. ನಮ್ಮ ಮನೆಯಲ್ಲಿದ್ದ ಪಂಚಾಂಗದ ಕೊನೆಯ ಹಾಳೆಗಳಲ್ಲಿ ಬರೀ ಹಲ್ಲುಪುಡಿ, ಲೇಹ್ಯ, ತಲೆಗೆಣ್ಣೆಯ ಜಾಹೀರಾತು. ಪುಸ್ತಕ ಎಂದರೆ ಎಲ್ಲವೂ ಹೀಗೇ, ಸಾರವೆಲ್ಲ ಮುಂದೆ, ಹಲ್ಲುಪುಡಿ ಹಿಂದೆ ಎಂದು ನಾನು ತೀರ್ಮಾನಿಸಿದ್ದೆ. ಹೆಂಡತಿಗೆ ಹೊಸ ಕಾದಂಬರಿ ಬಂದ ವಾರದಲ್ಲೇ, ಅವಳಿಗೆ ಒಂದಿಷ್ಟೂ ನಷ್ಟವಾಗದಂತೆ, ಬಹಳ ಕಾಳಜಿಯಿಂದ, ಹಿಂದಿನ ಏಳೆಂಟು ಹಾಳೆ ಮಾತ್ರ ಹರಿದು ಒಯ್ಯುತ್ತಿದ್ದೆ!

ಹರಿದದ್ದನ್ನೂ, ಕೊನೆಗಳನ್ನೆಲ್ಲ ನಿಂಗಮ್ಮನ ಬಾಯಿಂದ ಕೇಳಿದ್ದನ್ನೂ ಮಕ್ಕಳ ಮುಂದೆ ಒಪ್ಪಿಕೊಂಡೆ.

"ಟ್ರಂಕಲ್ಲಿರೋ ಇಪ್ಪತ್ಮೂರನ್ನೂವಾ?" ಎಂದಳು ಜಯ.

"ಇಪ್ಪತ್ತಮೂರನ್ನೂ."

"ಅಂದ್ರೆ ನಾವು ಮಂಡ್ಯಕ್ಕೆ ಓಗಿದ್ದು ಕಾದಂಬ್ರಿ ಉರ್ಕೊಂಡು," ಎಂದ ರಹೀಮ.

ಜಯ ನಗಲಿಲ್ಲ. ಹುಬ್ಬು ಗಂಟಿಕ್ಕಿ ಕೇಳಿದಳು: "ಮಾವ, ಅತ್ತೆ ಓದಕ್ಕೆ ಮುಂಚೇನೇ ಹರೀತಿದ್ರಾ?"

"ಹೂಂ."

"ಹಂಗಾರೆ ಅತ್ತೆಗೆ ಕೊನೆ ಗೊತ್ತಾಗಿದ್ದು ಹೆಂಗೆ?"

ನಾನು ಪುಸ್ತಕಗಳನ್ನು ಒಂದೊಂದಾಗಿ ಟ್ರಂಕಿಗೆ ತುಂಬಿದೆ. ಮಾರನೆಯ ದಿನದಿಂದ ಮಕ್ಕಳು ಶೆಡ್ಡಿಗೆ ಬರಲಿಲ್ಲ, ಎದುರಿನ ಹುಣಸೆಮರದ ಕೆಳಗೆ ನಿಂತರು. ಹರಿದ ಪುಸ್ತಕ ಕೊಟ್ಟ ಕೋಪವೋ, ಸುಳ್ಳು ಕೊನೆ ಹೇಳಿದ ಕೋಪವೋ ತಿಳಿಯಲಿಲ್ಲ. ನಾಲ್ಕು ದಿನ ಟ್ರಂಕೂ ನಾನೂ ಮುಖ ನೋಡಿಕೊಂಡು ಕೂತೆವು.

ಐದನೆಯ ದಿನ ಜಯ ಬಂದಳು. ಹಿಂದೆ ಇಡೀ ಸೈನ್ಯ. ಅವಳ ಕೈಯಲ್ಲಿ ಹಾರುವ ಮಂಚದ ಇನ್ನೊಂದು ಪ್ರತಿ. ಮಳವಳ್ಳಿಯ ಸೋದರಮಾವನ ಮನೆಯಿಂದ ತರಿಸಿದ್ದಳು. ಕೊನೆಯ ಹಾಳೆಗಳು ಭದ್ರವಾಗಿದ್ದವು. ನಾನು ನ್ಯಾಯಾಲಯದ ಮುಂದೆ ನಿಂತವನಂತೆ ಕೈಕಟ್ಟಿಕೊಂಡೆ. ಅವಳು ಗಟ್ಟಿಯಾಗಿ ಓದಿದಳು.

ಮಂಚ ಮಾತಾಡಲೇ ಇಲ್ಲ. ಬಾಣ ತಪ್ಪಿತು, ಮಾಂತ್ರಿಕ ಕ್ಷಮೆ ಕೇಳಿದ, ರಾಜಕುಮಾರನಿಗೆ ಮದುವೆಯಾಯಿತು, ಪಟ್ಟಾಭಿಷೇಕವಾಯಿತು, ಬ್ರಾಹ್ಮಣರಿಗೆ ಊಟವಾಯಿತು. ಮುಗಿಯಿತು.

"ಇಷ್ಟೇಯಾ?" ಎಂದಿತು ಒಂದು ದನಿ.

"ಇಷ್ಟೇ ಕಣ್ಲಾ."

"ಥೂ! ಮರ ಆಗೋದೇ ಚೆನ್ನಾಗಿತ್ತು."

"ಇದುನ್ನ ಒಲೆಗೆ ಹಾಕಿದ್ದೇ ಸರಿ ಬುಡಿ ಏಜೆಂಟ್ರೇ," ಎಂದು ರಹೀಮ ತೀರ್ಪು ಕೊಟ್ಟ.

ನನಗೆ ಬೇರೊಂದು ವಿಷಯ ಕಾಣುತ್ತಿತ್ತು. ಒಮ್ಮೆ ನಿಂಗಮ್ಮ, "ಬಸ್ಸಿಗೆ ದಿನಾ ಕಾಗ್ದ ಎಲ್ಲಿಂದ ತತ್ತೀರಿ?" ಎಂದು ಕೇಳಿದ್ದಳು. "ಕಂಪನಿಯವರು ಕೊಡ್ತಾರೆ," ಎಂದು ನಾನು ದೊಡ್ಡ ಮನುಷ್ಯನಂತೆ ಹೇಳಿದ್ದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದ್ದಳು. ಅಡುಗೆಮನೆಯಿಂದ ಬಹಳ ಹೊತ್ತು ನಗು ಕೇಳಿಸಿತ್ತು. ಒಂದೇ ಒಂದು ದಿನ ಬೈಯಲಿಲ್ಲ. ನಾನು ಸುಟ್ಟ ಕೊನೆಗಳನ್ನೆಲ್ಲ ಅವಳೇ ಕಟ್ಟಿ, ನನಗೇ ಬಡಿಸಿದ್ದಳು. ನಾನು ಪ್ರತಿ ಸಲವೂ, "ಬರೆದವನು ಭಾರಿ ಬುದ್ಧಿವಂತ ಕಣೇ!" ಎಂದು ತಲೆದೂಗಿದ್ದೆ!

ಮಕ್ಕಳ ಮುಂದೆ ಕಣ್ಣೊರೆಸಿಕೊಂಡೆ. ಇದ್ದಿಲ ಹೊಗೆ ಎಂದೆ. ಅಂದು ಒಲೆ ಇನ್ನೂ ಹೊತ್ತಿರಲಿಲ್ಲ.

"ಅತ್ತೆ ಕೊನೆ ಹೇಳ್ದೆ ಯಾವ್ದು ಉಳ್ದದೆ ಮಾವ?" ಎಂದಳು ಜಯ ಮೆಲ್ಲಗೆ.

ಉಳಿದದ್ದು ಇಪ್ಪತ್ತಮೂರನೆಯದು. ಟ್ರಂಕಿನಿಂದ ಅದನ್ನು ತೆಗೆದು ಹಿಡಿದೆ. ಒಬ್ಬ ಹುಡುಗಿ ಬಾವಿಯ ಮೆಟ್ಟಿಲಿಳಿದು, ಯಾರಿಗೂ ನೆರಳೇ ಇಲ್ಲದ ಊರಿಗೆ ಹೋಗುತ್ತಾಳೆ. ಹಿಂದೆ ಬಾಗಿಲು ಮುಚ್ಚಿಕೊಳ್ಳುತ್ತದೆ. ನಿಂಗಮ್ಮ ಅಲ್ಲಿಗೆ ನಿಲ್ಲಿಸಿದ್ದಳು. ಅದರ ಕೊನೆಯೂ ಮಂಡ್ಯದ ದಾರಿಯಲ್ಲಿ ಹೊಗೆಯಾಗಿತ್ತು.

"ಅತ್ತೆ ಇಲ್ದಿದ್ರೆ ನೀವೇ ಹೇಳಿ," ಎಂದರು ಮಕ್ಕಳು. ಎಲ್ಲರೂ ಬೆಂಚಿನಿಂದ ಮುಂದಕ್ಕೆ ಬಾಗಿದರು.

ಇಪ್ಪತ್ತೆರಡು ಕಾದಂಬರಿ ಉಂಡ ಹೊಟ್ಟೆ ನನ್ನದು. ಒಂದು ಕೊನೆ ಹೇಳುವುದು ಏನು ಮಹಾ! ಗಂಟಲು ಸರಿಮಾಡಿಕೊಂಡೆ. ಆ ನೆರಳಿಲ್ಲದ ಊರಿನಲ್ಲಿ ಹುಡುಗಿ ಅಳುತ್ತ ಕೂತಳು ಎಂದೆ. ಆಗ ದೂರದಲ್ಲಿ ಹಾರನ್ ಕೇಳಿಸಿತು ಎಂದೆ. ಒಂದು ಬಸ್ಸು ಬಂತು ಎಂದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ನಾನು ನಿಲ್ಲಿಸಲಿಲ್ಲ. ಏಜೆಂಟರು ಟಿಕೇಟು ಕೊಟ್ಟರು, ಹುಡುಗಿ ಹತ್ತಿದಳು, ಬಸ್ಸು ಸರಿಯಾಗಿ ಎಂಟು ಗಂಟೆಗೆ ಹೊರಟಿತು, ಸೋಮನಹಳ್ಳಿಯ ಮೇಲೆ ಹಾದು ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿತು. ಶುಭಂ!

ಮಕ್ಕಳೆಲ್ಲ ರಹೀಮನತ್ತ ತಿರುಗಿದರು.

"ಏಜೆಂಟ್ರೇ," ಎಂದ ರಹೀಮ ಬಹಳ ಮರ್ಯಾದೆಯಿಂದ, "ಬಾವಿಯೊಳ್ಗೆ ಊರದೆ ಅಂದ್ರೆ ನಂಬ್ತೀವಿ. ನೆರಳಿಲ್ಲದ ಜನ ಅಂದ್ರೂ ನಂಬ್ತೀವಿ. ಬಸ್ಸು ಎಂಟ್ ಗಂಟೆಗೆ ಹೊಲ್ಟಿತು ಅಂದ್ರೆ ಯಾವನು ನಂಬ್ತಾನೆ?"

ಹೊರಗೆ ಒಲೆಯ ಹತ್ತಿರ ಕೂತಿದ್ದ ಮಾದಪ್ಪನೂ ನಕ್ಕ.

ಜಯ ಪುಸ್ತಕವನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು. "ಕೊನೆ ನಾನು ಹೇಳ್ತೀನಿ. ನೀವ್ ಸುಮ್ಕೆ ಕೇಳಿ ಮಾವ," ಎಂದಳು. ಬೆಂಚಿನ ತುದಿಯಲ್ಲಿ ನನಗೂ ಸ್ವಲ್ಪ ಜಾಗ ಮಾಡಿಕೊಟ್ಟರು. ಅಂದಿನಿಂದ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಮಕ್ಕಳಿಗೆ ಕಾದಂಬರಿ ಆರಿಸಿಕೊಡುವುದು ಜಯ, ತಪಾಸಣೆ ಮಾಡುವುದು ರಹೀಮ. ಬಾಯಿ ತೆರೆದುಕೊಂಡು ಕೂತು, ನಡುನಡುವೆ "ಆಮೇಲೆ?" ಎನ್ನುವ ಹುದ್ದೆ ನನ್ನದು. ಅದೊಂದರಲ್ಲಿ ನನಗೆ ಒಳ್ಳೆಯ ಅನುಭವವಿದೆ ಎಂದು ಅವರೂ ಒಪ್ಪುತ್ತಾರೆ.